ಗೋಮಾಳದ ಬಿಡಾರ

ಊರಿಗೊಂದು ಗೋಮಾಳವಿರುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಏರ್ಪಾಡು. ನೆಲದ ಒಡೆತನ ಯಾರ ಹೆಸರಿನಲ್ಲಿಯೇ ಇರಲಿ, ಅಲ್ಲಿ ದನ ಮೇಯಿಸುವ, ಪುಳ್ಳೆ ಆಯುವ ಹಕ್ಕು ಊರವರದು. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ಇಂಥ ಬಯಲುಗಳುಂಟು. ಅವಕ್ಕೆ ಅವರು ‘ಕಾಮನ್’ ಎನ್ನುತ್ತಾರೆ. ಬರ್ಕ್‌ಷೈರ್ ಸೀಮೆಯ ನ್ಯೂಬರಿ ಪಟ್ಟಣದ ಮಗ್ಗುಲಲ್ಲಿರುವ ಗ್ರೀನಮ್ ಕಾಮನ್ ಅಂಥದೊಂದು ಬಯಲು. ೧೯೪೧ರಲ್ಲಿ ಯುದ್ಧದ ಅಗತ್ಯಕ್ಕೆಂದು ಸರ್ಕಾರವು ಅದನ್ನು ವಶಪಡಿಸಿಕೊಂಡು ವಿಮಾನ ನಿಲ್ದಾಣ ಮಾಡಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದು ಅಮೆರಿಕೆಯ ವಿಮಾನದಳದ ನೆಲೆಯಾಯಿತು. ೧೯೭೯ರ ಡಿಸೆಂಬರಿನಲ್ಲಿ, ಪಶ್ಚಿಮ ಯೂರೋಪಿನಲ್ಲಿ ಹೊಸ ಮಧ್ಯಮ ದೂರದ ಅಣ್ವಸ್ತ್ರಗಳನ್ನು ನಿಲ್ಲಿಸಬೇಕೆಂದು ನೇಟೋ ಕೂಟವು ತೀರ್ಮಾನಿಸಿತು. ಅವುಗಳಲ್ಲಿ ೯೬ ಕ್ರೂಸ್ ಕ್ಷಿಪಣಿಗಳು ಗ್ರೀನಮ್ಮಿನ ಪಾಲಿಗೆ ಬಂದುವು. ದನ ಮೇಯುತ್ತಿದ್ದ ನೆಲದಲ್ಲಿ, ಒಂದೊಂದೂ ಹಿರೋಷಿಮಾದ ಬಾಂಬಿಗಿಂತ ಹಲವು ಮಡಿ ಬಲವುಳ್ಳದ್ದಾಗಬಲ್ಲ ಸಿಡಿತಲೆಗಳಿಗಾಗಿ ಕಾಂಕ್ರೀಟಿನ ಗವಿಗಳು ಏಳತೊಡಗಿದುವು.

೧೯೮೧ರ ಆಗಸ್ಟ್ ೨೭ರಂದು ವೇಲ್ಸಿನ ಕಾರ್ಡಿಫ್ ನಗರದಿಂದ ಸುಮಾರು ೩೬ ಮಂದಿ ಹೆಂಗಸರು, ಜೊತೆಗೆ ಕೆಲವರು ಗಂಡಸರು ಹಾಗೂ ಮಕ್ಕಳು, ಈ ನೆಲೆಯತ್ತ ಕಾಲ್ನಡಿಗೆಯಲ್ಲಿ ಹೊರಟರು. ನಡಿಗೆಯನ್ನು ಯೋಜಿಸಿದವರಲ್ಲಿ ಒಬ್ಬರಾದ ಆ್ಯನ್ ಪೆಟಿಟ್ ವೇಲ್ಸಿನ ಹಳ್ಳಿಗಾಡಿನ ಒಂದು ಚಿಕ್ಕ ಹಿಡುವಳಿಯಲ್ಲಿ ಬದುಕುತ್ತಿದ್ದ, ಎಳೆಯ ಮಕ್ಕಳ ತಾಯಿ. ಸುಮಾರು ೧೨೦ ಮೈಲಿ ನಡೆದು ಸೆಪ್ಟೆಂಬರ್ ೫ರಂದು ಅವರು ಗ್ರೀನಮ್ ತಲುಪಿದರು. ನಾಲ್ವರು ಹೆಂಗಸರು ಬೇಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಅವರು ಕೇಳಿದ್ದು ದೊಡ್ಡದೇನೂ ಅಲ್ಲ: ಈ ಅಸ್ತ್ರಗಳ ವಿಚಾರವಾಗಿ ಸರ್ಕಾರವು ತಮ್ಮೊಡನೆ ಟೆಲಿವಿಷನ್ನಿನಲ್ಲಿ ಬಹಿರಂಗವಾಗಿ ಚರ್ಚಿಸಬೇಕೆಂಬುದಷ್ಟೆ. ಚರ್ಚೆಗೆ ಯಾರೂ ಬರಲಿಲ್ಲ. ಬರುವವರೆಗೆ ಇಲ್ಲಿಯೇ ಇರೋಣವೆಂದು ಕೆಲವರು ಉಳಿದರು. ಹೀಗೆ ಯಾರ ಯೋಜನೆಯಲ್ಲಿಯೂ ಇರದಿದ್ದ ಒಂದು ಬಿಡಾರ ಹುಟ್ಟಿಕೊಂಡಿತು. ಅದು ೨೦೦೦ದ ಸೆಪ್ಟೆಂಬರಿನವರೆಗೆ, ಎಂದರೆ ೧೯ ವರ್ಷ, ಬಾಳಿತು.

ಗ್ರೀನಮ್ ಎಂದೊಡನೆ ಜನರು ನೆನೆಯುವುದು ಎರಡು ದಿನಗಳನ್ನು. ಒಂದು, ೧೯೮೨ರ ಡಿಸೆಂಬರ್ ೧೨. ಅಂದು ಸುಮಾರು ೩೦,೦೦೦ ಮಂದಿ ಹೆಂಗಸರು ಕೈಗೆ ಕೈ ಹಿಡಿದು ನೆಲೆಯ ಒಂಬತ್ತು ಮೈಲಿ ಬೇಲಿಯನ್ನು ಬಳಸಿ ನಿಂತರು. ಮಕ್ಕಳ ಅಂಗಿಗಳನ್ನೂ ಮನೆಯವರ ಭಾವಚಿತ್ರಗಳನ್ನೂ ತಂತಿಗೆ ಕಟ್ಟಿದರು. ಇನ್ನೊಂದು, ೧೯೮೩ರ ಜನವರಿ ೧. ಅಂದು ಬೆಳಕು ಹರಿಯುವ ಮೊದಲೇ ೪೪ ಮಂದಿ ಏಣಿಯಿಟ್ಟು ಬೇಲಿ ಹತ್ತಿ, ಕಟ್ಟುತ್ತಿದ್ದ ಕ್ಷಿಪಣಿ ಗವಿಗಳ ನೆತ್ತಿಯ ಮೇಲೆ ವೃತ್ತವಾಗಿ ಕುಣಿದರು. ಅವರಲ್ಲಿ ೩೬ ಮಂದಿ, ಶಾಂತಿಭಂಗ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಒಪ್ಪದೆ, ಸೆರೆಮನೆಗೆ ಹೋದರು. ಎರಡೂ ಚಿತ್ರಗಳು ಲೋಕವನ್ನೆಲ್ಲ ಸುತ್ತಿದುವು. ಅವು ಸುತ್ತಬೇಕಾದ ಚಿತ್ರಗಳೇ ಸರಿ.

ಆದರೆ ೧೯ ವರ್ಷವೆಂದರೆ ಹತ್ತಿರಹತ್ತಿರ ಏಳು ಸಾವಿರ ದಿನಗಳು. ಅವುಗಳಲ್ಲಿ ಚಿತ್ರಕ್ಕೆ ಸಿಕ್ಕವು ಬೆರಳೆಣಿಕೆಯಷ್ಟು. ಮಿಕ್ಕ ದಿನಗಳನ್ನು ಆ ಬಿಡಾರ ಹೇಗೆ ದಾಟಿತೆಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಯುದ್ಧವಿರೋಧದ ಸೇವೆಯೆಂದರೆ ಏನೆಂಬುದು ತಿಳಿಯುವುದು ಆ ಮಿಕ್ಕ ದಿನಗಳಿಂದಲೇ ಎಂಬುದು ನನ್ನ ಎಣಿಕೆ.

ಆ ದಿನಗಳ ಕೆಲಸ ಸಾಮಾನ್ಯವಾದದ್ದು. ಹಸಿ ಕೊಂಬೆಗಳನ್ನು ಬಾಗಿಸಿ, ನೆಲಕ್ಕೆ ಊರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿದರೆ ಅದೇ ಮನೆ. ಮಳೆ ಹಿಡಿದ ಬಯಲಿನಲ್ಲಿ ಉರುವಲನ್ನು ಒಣಗಿಸಿಡಬೇಕು, ಒಲೆ ಆರದಂತೆ ನೋಡಿಕೊಳ್ಳಬೇಕು, ನೀರು ಹೊರಬೇಕು, ಬಂದವರಿಗೆಲ್ಲ ಬೇಯಿಸಿ ಹಾಕಬೇಕು, ಪಾತ್ರೆ ತೊಳೆಯಬೇಕು, ಕಕ್ಕಸಿಗೆ ಗುಂಡಿ ತೋಡಬೇಕು. ನೆಲೆಯ ಒಂದೊಂದು ಬಾಗಿಲಿನೆದುರೂ ಒಂದೊಂದು ಬಿಡಾರ ಬೆಳೆದು, ಅವುಗಳಿಗೆ ಹಳದಿ, ಹಸಿರು, ನೀಲಿ, ಕಿತ್ತಳೆ ಎಂದು ಬಣ್ಣಗಳ ಹೆಸರು ನಿಂತಿತು. ಪುರಸಭೆಯವರೂ ಅಮೀನರೂ ಬಂದು ಕಿತ್ತೊಗೆದಷ್ಟು ಸಲವೂ ಮತ್ತೆ ಕಟ್ಟಬೇಕಾಯಿತು. ೧೯೮೪ರ ಏಪ್ರಿಲ್ ೪ರಂದು ದೊಡ್ಡ ಪ್ರಮಾಣದಲ್ಲಿ ಹೊರದಬ್ಬಿದರು. ಕತ್ತಲಾಗುವ ವೇಳೆಗೆ ಬಹುಮಂದಿ ಮರಳಿ ಬಂದಿದ್ದರು. ಮುಂದೆ ತೆರವು ಎಂಬುದು ನಿತ್ಯದ ಕಥೆಯಾದಾಗ, ಬಿಡಾರದ ಆಸ್ತಿಯೆಲ್ಲ ಕೈಯಲ್ಲಿ ಎತ್ತಿಕೊಂಡು ಓಡುವಷ್ಟಕ್ಕೆ ಇಳಿಯಿತು.

ಅಲ್ಲಿಯೇ ನೆಲಸಿದವರು ಎಂದೂ ಬಹಳ ಮಂದಿ ಇರಲಿಲ್ಲ. ಅವರನ್ನು ನಿಲ್ಲಿಸಿದವರು ಬಂದುಹೋಗುವವರು. ಯಾರೋ ವಾರದ ಕೊನೆಗೆ ಬಂಡಿಯಲ್ಲಿ ಸೌದೆ ತಂದು ಇಳಿಸುವರು. ಯಾರೋ ಕಂಬಳಿ, ರೊಟ್ಟಿ, ಬಿಸಿ ಸಾರು ತರುವರು. ಮತ್ತೆ ಕೆಲವರು ತಮ್ಮ ಬಚ್ಚಲಮನೆಯ ಬಾಗಿಲು ತೆರೆದು ಸ್ನಾನಕ್ಕೆ ಕರೆಯುವರು. ರಾತ್ರಿ ಹೊತ್ತು ಪುಂಡರು ಬಂದು ಗುಡಾರಗಳ ಮೇಲೆ ಕೊಳಕು ಎರಚುವುದುಂಟಾಗಿ, ಮಲಗಿದವರು ನಿಶ್ಚಿಂತೆಯಿಂದ ನಿದ್ರಿಸಲೆಂದು ದೂರದ ಊರುಗಳ ಹೆಂಗಸರು ಸರದಿಯ ಮೇಲೆ ಬಂದು ಕಾವಲು ಕುಳಿತರು. ಬೆಳಗಾದರೆ ಇವರು ತಮ್ಮ ಊರಿಗೆ, ತಮ್ಮ ಕೆಲಸಕ್ಕೆ ಹೋಗಬೇಕು. ಇವರ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವಂತಿಲ್ಲ. ೩೦,೦೦೦ ಮಂದಿ ನೆರೆದ ದಿನವೂ ಇಂಥವರ ಕೆಲಸವೇ ಅಲ್ಲವೆ? ಒಂದು ಕಾಗದ ಬರೆದು, ಇದನ್ನು ನಕಲು ಮಾಡಿ ಇನ್ನಷ್ಟು ಗೆಳತಿಯರಿಗೆ ಕಳುಹಿಸಿ ಎಂದು ಕೇಳಿಕೊಂಡದ್ದರ ಫಲ ಅದು. ಹನಿಗೂಡಿದರೆ ಹಳ್ಳವೆಂಬ ಮಾತನ್ನು ನಾವು ಹಣ ಕೂಡಿಡುವವರಿಗೆ ಹೇಳುತ್ತೇವೆ. ಅದು ಇಲ್ಲಿಗೂ ಒಪ್ಪುತ್ತದೆ.

ಇಷ್ಟು ಹೇಳಿ, ಅಲ್ಲಿದ್ದವರೆಲ್ಲ ದೇವತೆಗಳೆಂದು ಚಿತ್ರಿಸಹೊರಟರೆ ಅದು ಸುಳ್ಳಾದೀತು. ೧೯೮೨ರ ಫೆಬ್ರವರಿಯಲ್ಲಿ, ಬಿಡಾರವು ಹೆಂಗಸರದು ಮಾತ್ರವಾಗಿರತಕ್ಕದ್ದೆಂದು ಗೊತ್ತುಮಾಡಿದರು. ಹೊರದಬ್ಬಲು ಬಂದವರೊಡನೆ ಗಂಡಸರು ಕೈಮಿಲಾಯಿಸಿಯಾರೆಂಬ ಭಯ ಒಂದು. ಮುಂದಾಳುತನ ಅವರ ಪಾಲಾದೀತೆಂಬ ಶಂಕೆ ಮತ್ತೊಂದು. ಅದುವರೆಗೆ ಜೊತೆಗೆ ದುಡಿದಿದ್ದ ಗಂಡಸರಿಗೆ ನೋವಾಯಿತು. ನಾಯಕರಿಲ್ಲದ ಕೂಟದಲ್ಲಿ ಪ್ರತಿಯೊಂದು ತೀರ್ಮಾನಕ್ಕೂ ಗಂಟೆಗಟ್ಟಲೆ ಮಾತು ಬೇಕಾಗುತ್ತಿತ್ತು. ೧೯೮೭ರಲ್ಲಿ ಹಳದಿ ಬಾಗಿಲಿನವರು ಉಳಿದ ಬಾಗಿಲುಗಳವರಿಂದ ಸಿಡಿದು ಬೇರೆಯಾದರು. ಶಾಂತಿಗಾಗಿ ನೆರೆದವರು ತಮ್ಮೊಳಗೆ ಮಾತು ಬಿಟ್ಟರು. ನ್ಯೂಬರಿಯ ನಿವಾಸಿಗಳಲ್ಲಿ ಅನೇಕರಿಗೆ ಈ ಕೆಸರು, ಹೊಗೆ, ಗದ್ದಲಗಳು ಸಾಕುಸಾಕಾಗಿದ್ದುವು. ಅವರ ದೂರೂ ತಳ್ಳಿಹಾಕತಕ್ಕದ್ದಲ್ಲ. ಮನೆ ಮಕ್ಕಳನ್ನು ಬಿಟ್ಟು ಬಂದವರೆಂದು ಪತ್ರಿಕೆಗಳು ಹೀಗಳೆದುದು ಮಾತ್ರ ಬೇರೆ ಮಾತು. ದಂಡಿಗೆ ಹೋಗುವ ಗಂಡಸನ್ನು ಮನೆ ಬಿಟ್ಟವನೆಂದು ಯಾರೂ ಹಳಿಯುವುದಿಲ್ಲ.

ಇನ್ನು, ಎಲ್ಲರೂ ಕೇಳುವ ಪ್ರಶ್ನೆ: ಇದರಿಂದ ಆದ ಲಾಭವೇನು? ಲೆಕ್ಕವನ್ನು ನೇರವಾಗಿಯೇ ಇಡೋಣ. ಬಿಡಾರ ಅಲ್ಲಿದ್ದಾಗಲೇ, ೧೯೮೩ರ ನವೆಂಬರ್ ೧೪ರಂದು, ಮೊದಲ ಕ್ಷಿಪಣಿಗಳು ಬಂದಿಳಿದುವು. ಗವಿಗಳ ಹತ್ತಿರಕ್ಕೆ ನುಗ್ಗಿದವರ ಮೇಲೆ ಗುಂಡು ಹಾರಬಹುದೆಂಬುದನ್ನು ಅದೇ ತಿಂಗಳು ರಕ್ಷಣಾ ಸಚಿವ ಮೈಕಲ್ ಹೆಸೆಲ್ಟೈನ್ ಅಲ್ಲಗಳೆಯಲಿಲ್ಲ. ೧೯೮೭ರ ಡಿಸೆಂಬರ್ ೮ರಂದು ರೇಗನ್ ಮತ್ತು ಗೋರ್ಬಚೆವ್ ಒಪ್ಪಂದಕ್ಕೆ ಸಹಿ ಮಾಡಿದ ಮೇಲೆಯೇ ಅವು ಹೊರಟುದು. ಕಡೆಯವು ಗ್ರೀನಮ್ ಬಿಟ್ಟುದು ೧೯೯೧ರ ಮಾರ್ಚಿನಲ್ಲಿ. ಅಸ್ತ್ರಗಳನ್ನು ತಂದು ನಿಲ್ಲಿಸಿದ್ದರಿಂದಲೇ ಸೋವಿಯತ್ ಪಕ್ಷ ಸಂಧಾನಕ್ಕೆ ಬಂತೆಂದು ಒಂದು ಕಡೆಯವರು ವಾದಿಸುತ್ತಾರೆ. ಜನಾಭಿಪ್ರಾಯದ ಒತ್ತಡವಿಲ್ಲದಿದ್ದರೆ ಸಂಧಾನವೇ ನಡೆಯುತ್ತಿರಲಿಲ್ಲವೆಂದು ಇನ್ನೊಂದು ಕಡೆಯವರು. ಇವರಲ್ಲಿ ಯಾರು ಸರಿಯೆಂದು ತಕ್ಕಡಿಯಲ್ಲಿ ತೂಗಲಾಗದು. ಕೆಸರಿನಲ್ಲಿ ಕುಳಿತವರಿಂದಲೇ ಕ್ಷಿಪಣಿಗಳು ಓಡಿದುವೆಂದು ಹೇಳುವುದು ಅತಿಶಯೋಕ್ತಿ. ಅವರಿಂದ ಏನೂ ಆಗಲಿಲ್ಲವೆಂಬುದು ಅದಕ್ಕಿಂತ ದೊಡ್ಡ ಅತಿಶಯೋಕ್ತಿ. ತೂಗಿ ನೋಡಬಹುದಾದ ಎರಡು ಕೆಲಸಗಳು ನನಗೆ ಕಾಣುತ್ತವೆ.

ಮೊದಲನೆಯದು, ಗುಟ್ಟನ್ನು ರಟ್ಟುಮಾಡಿದುದು. ಆ ಕ್ಷಿಪಣಿಗಳನ್ನು ಚಕ್ರದ ವಾಹನಗಳ ಮೇಲೆ ಹೇರಿ, ಆಪತ್ಕಾಲದಲ್ಲಿ ರಾತ್ರೋರಾತ್ರಿ ಹೊರಗೆ ಸಾಗಿಸಿ, ಹಳ್ಳಿಗಾಡಿನ ಮರಗಳ ಮರೆಯಲ್ಲಿ ಯಾರಿಗೂ ತಿಳಿಯದಂತೆ ನಿಲ್ಲಿಸಬೇಕೆಂಬುದು ಯೋಜನೆ. ಅದರ ಅಭ್ಯಾಸಕ್ಕೆಂದು ವಾಹನಗಳ ಸಾಲು ಸಾಲಿಸ್‌ಬರಿ ಬಯಲಿನತ್ತ ಹೊರಡುತ್ತಿತ್ತು. ಬಾಗಿಲ ಬಳಿ ಮಲಗಿದ್ದವರು ಇಂಜಿನಿನ ಸದ್ದು ಕೇಳಿದೊಡನೆ ಸುದ್ದಿ ಮುಟ್ಟಿಸುವರು. ‘ಕ್ರೂಸ್ ವಾಚ್’ ಎಂಬ ಬಳಗದವರು ಬೆನ್ನುಹತ್ತಿ ಹೋಗಿ ಅವು ನಿಂತ ಜಾಗವನ್ನು ಹುಡುಕಿ ಹೇಳುವರು. ಇಂಥ ಬಳಗದಲ್ಲಿ ಗೃಹಿಣಿಯರೂ ಇದ್ದರು, ಉಪಾಧ್ಯಾಯರೂ ಇದ್ದರು. ಯಾರ ಕಣ್ಣಿಗೂ ಬೀಳದು ಎಂಬ ಅಸ್ತ್ರವನ್ನು ನಿದ್ದೆಗೆಟ್ಟ ಜನ ಮತ್ತೆ ಮತ್ತೆ ಕಂಡುಹಿಡಿದರು. ಪರಮಾಣ್ವಸ್ತ್ರದ ದೊಡ್ಡ ಬಲ ಅದು ನಮಗೆ ಕಾಣದಿರುವುದರಲ್ಲಿದೆ. ಕಾಣದುದಕ್ಕೆ ನಾವು ಬೇಗ ಒಗ್ಗಿಹೋಗುತ್ತೇವೆ. ಒಗ್ಗದಂತೆ ತಡೆದುದು ಸಣ್ಣ ಕೆಲಸವಲ್ಲ.

ಎರಡನೆಯದು ಗೋಮಾಳದ ವಿಷಯ. ನೆಲೆಯೊಳಗೆ ನುಗ್ಗುವುದು ಅಪರಾಧವೆಂದು ೧೯೮೫ರಲ್ಲಿ ಸರ್ಕಾರವು ಉಪವಿಧಿಗಳನ್ನು ಹೊರಡಿಸಿತು. ಅದರ ಮೇರೆಗೆ ಬಹಳ ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಇಬ್ಬರು ಹೆಂಗಸರು ಹಳೆಯ ಕಾಯಿದೆಯ ಪುಟ ತಿರುವಿದರು. ಆ ಉಪವಿಧಿಗಳಿಗೆ ಆಧಾರವಾದ ೧೮೯೨ರ ಸೈನಿಕ ಭೂಮಿಗಳ ಕಾಯಿದೆಯು ಒಂದು ಷರತ್ತನ್ನು ಹಾಕಿತ್ತು: ಇಂಥ ವಿಧಿಗಳಿಂದ ಗೋಮಾಳದ ಹಕ್ಕುದಾರರಿಗೆ ಬಾಧಕವಾಗಕೂಡದು. ಗ್ರೀನಮ್ಮಿನಲ್ಲಿಯೋ ಆ ಹಕ್ಕುಗಳು ಇನ್ನೂ ಜೀವಂತವಾಗಿದ್ದುವು. ಮೊಕದ್ದಮೆ ಮೆಟ್ಟಿಲು ಮೆಟ್ಟಿಲಾಗಿ ಏರಿ ೧೯೯೦ರಲ್ಲಿ ಲಾರ್ಡರ ಸಭೆಯ ನ್ಯಾಯಪೀಠಕ್ಕೆ ಹೋಯಿತು; ಪೀಠವು ಆ ಉಪವಿಧಿಗಳು ಅಸಿಂಧುವೆಂದು ತೀರ್ಪಿತ್ತಿತು. ಎರಡು ಮಹಾರಾಷ್ಟ್ರಗಳ ಸೇನಾಬಲ ಬೆನ್ನಿಗಿದ್ದ ಆಜ್ಞೆಯೊಂದು, ದನ ಮೇಯಿಸುವವನ ಹಳೆಯ ಹಕ್ಕಿನೆದುರು ನಿಲ್ಲಲಾರದೆ ಹೋಯಿತು. ತಾವು ಉರುವಲು ಆಯುತ್ತಿದ್ದ ನೆಲ ಯಾರದೆಂದು ಅವರು ವರ್ಷಗಟ್ಟಲೆ ಅಲ್ಲಿಯೇ ಬದುಕಿ ಅರಿತಿದ್ದರು. ಒಂದು ದಿನದ ಮೆರವಣಿಗೆಯವರಿಗೆ ಈ ಅರಿವು ಬಾರದು.

ನಮಗೆ ಈ ರೀತಿ ಅಪರಿಚಿತವಲ್ಲ. ಗ್ರೀನಮ್ಮಿಗೆ ಅನತಿದೂರದ ಆಲ್ಡರ್‌ಮಾಸ್ಟನ್ನಿನ ಅಣ್ವಸ್ತ್ರ ಕಾರ್ಯಾಗಾರಕ್ಕೆ ೧೯೫೮ರ ಈಸ್ಟರಿನಲ್ಲಿ ಲಂಡನ್ನಿನಿಂದ ನಡೆದುಹೋದವರು ಗಾಂಧೀಜಿಯ ಅಹಿಂಸೆಯನ್ನು ಓದಿ ಅರಗಿಸಿಕೊಂಡಿದ್ದವರು. ಆ ಪರಂಪರೆಯ ನೀರೇ ಗ್ರೀನಮ್ಮಿಗೂ ಹರಿದುದು. ೧೯೩೦ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಹಿಡಿಯುಪ್ಪು ಮಾಡಿದವರ ಕಥೆ ಕೇಳಿ ಬೆಳೆದ ಕನ್ನಡಿಗನಿಗೆ, ಉಪ್ಪಿನಂಥ, ಸೌದೆಯಂಥ ಸಾಮಾನ್ಯ ವಸ್ತುವಿನಿಂದ ಸಾಮ್ರಾಜ್ಯವನ್ನು ಪ್ರಶ್ನಿಸಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಾವು ಇಂದು ಸತ್ಯಾಗ್ರಹವನ್ನು ಜಯಂತಿಯ ದಿನ ಹಾರ ಹಾಕುವ ವಸ್ತುವನ್ನಾಗಿ ಮಾಡಿಕೊಂಡಿದ್ದೇವೆ. ಆಶ್ರಮದಲ್ಲಿ ಕಕ್ಕಸು ತೊಳೆಯುವುದನ್ನೂ ನೂಲುವುದನ್ನೂ ಗಾಂಧೀಜಿ ಕಾನೂನುಭಂಗದಷ್ಟೇ ಮುಖ್ಯವಾಗಿ ಎಣಿಸಿದ್ದರೆಂಬುದನ್ನು ಮರೆತಿದ್ದೇವೆ.

ಯುದ್ಧ ಬೇಡವೆನ್ನುವ ತರುಣ ತರುಣಿಯರು ಇಂದೂ ಎಲ್ಲ ದೇಶಗಳಲ್ಲಿ ಇದ್ದಾರೆ. ಅವರಲ್ಲಿ ಹಲವರು, ನಾನು ಹೋಗಿ ಏನು ಮಾಡಬಲ್ಲೆ, ನನಗೆ ಭಾಷಣ ಬಾರದು ಎಂದು ಹಿಂಜರಿಯುತ್ತಾರೆ. ಅಂಥವರಿಗೆ ಹೇಳಬೇಕಾದುದು ಇಷ್ಟು: ಭಾಷಣಕಾರರಿಗೆ ಎಂದೂ ಕೊರತೆಯಿಲ್ಲ. ಕೊರತೆಯಿರುವುದು ಮಂಗಳವಾರ ಮಧ್ಯಾಹ್ನ ಮಳೆಯಲ್ಲಿ ನೀರು ಹೊರುವವರಿಗೆ, ಇರುಳ ಕಾವಲಿಗೆ ಕೂರುವವರಿಗೆ, ಜಗಳವಾಡಿದ ಇಬ್ಬರನ್ನು ಮತ್ತೆ ಒಂದೇ ಒಲೆಯ ಮುಂದೆ ಕೂರಿಸುವವರಿಗೆ. ಒಂದು ದಿನ ಮಾತ್ರ ಬರಬಲ್ಲವನು ಒಂದು ದಿನವೇ ಬರಲಿ. ಆದರೆ ಬರಿಗೈಯಲ್ಲಿ ಬಂದು, ಚಿತ್ರ ತೆಗೆಸಿಕೊಂಡು, ಇದ್ದವರ ಅನ್ನ ಉಂಡು ಹೋಗದಿರಲಿ. ಇಂಥ ಸೇವೆಗೆ ಬೆಲೆಯೂ ತೆರಬೇಕಾಗಬಹುದು. ೧೯೮೯ರ ಆಗಸ್ಟ್ ೫ರಂದು ಗ್ರೀನಮ್ಮಿನ ರಸ್ತೆಯ ಅಂಚಿನಲ್ಲಿ ೨೨ ವರ್ಷದ ವೇಲ್ಸಿನ ಹುಡುಗಿಯೊಬ್ಬಳು ವಾಹನ ಬಡಿದು ತೀರಿಕೊಂಡಳು. ಅವಳೂ ಬಿಡಾರದವಳು.

ಗೆದ್ದದ್ದು ಗೆದ್ದೇ ಇರುತ್ತದೆಂದು ನಂಬುವಂತೆಯೂ ಇಲ್ಲ. ೧೯೮೭ರ ಆ ಒಪ್ಪಂದ ೨೦೧೯ರ ಆಗಸ್ಟ್ ೨ರಂದು ಕೊನೆಗೊಂಡಿತು. ಯಾವ ಬಗೆಯ ಅಸ್ತ್ರಗಳನ್ನು ಅದು ನಿಷೇಧಿಸಿತ್ತೋ ಅವನ್ನು ಮತ್ತೆ ಮಾಡುವುದಕ್ಕೆ ಈಗ ಅದರ ಅಡ್ಡಿಯಿಲ್ಲ. ಒಪ್ಪಂದವೂ ಒಲೆಯಂತೆಯೇ, ದಿನವೂ ಯಾರಾದರೂ ಉರುವಲು ಹಾಕದಿದ್ದರೆ ಆರಿಹೋಗುತ್ತದೆ.

ಗ್ರೀನಮ್ಮಿನ ಬೇಲಿಯನ್ನು ಕಿತ್ತು, ವಿಮಾನದ ಓಟದ ಹಾದಿಯ ಕಾಂಕ್ರೀಟನ್ನು ಅಗೆದು ತೆಗೆದು, ೨೦೦೦ದಲ್ಲಿ ಬಯಲನ್ನು ಜನರಿಗೆ ತೆರೆದರು. ಅಲ್ಲೀಗ ಮತ್ತೆ ದನಗಳು ಮೇಯುತ್ತವೆ. ಹುಲ್ಲು ಹೊದ್ದ ಆರು ಗವಿಗಳು ಮಾತ್ರ, ಸಂರಕ್ಷಿತ ಸ್ಮಾರಕಗಳಾಗಿ, ಹಾಗೆಯೇ ನಿಂತಿವೆ. ಅವು ನಿಂತಿರುವುದೂ ಒಳ್ಳೆಯದೇ. ದನ ಕಾಯಲು ಬಂದ ಮಗು ಇದೇನೆಂದು ಕೇಳಿದರೆ, ಗವಿಯ ಕಥೆಯ ಜೊತೆಗೆ ಬೇಲಿಯ ಹೊರಗೆ ಒಲೆ ಹೂಡಿದವರ ಕಥೆಯನ್ನೂ ಹೇಳಬೇಕಾಗುತ್ತದೆ.