ಬದನೆಕಾಯಿ ಮೂಸೆಯ ಊರು

ಅಟ್ಟದ ಮೇಲೆ ಹಳೆಯ ಹಿತ್ತಾಳೆ ಹಂಡೆಯೊಂದು ಇದ್ದರೆ ಇಳಿಸಿ ನೋಡಿ. ಅದರಲ್ಲಿರುವುದು ತಾಮ್ರ ಮತ್ತು ಸತು. ತಾಮ್ರವನ್ನು ಅದಿರಿನಿಂದ ಕರಗಿಸಿ ತೆಗೆಯುವುದು ಮನುಷ್ಯನಿಗೆ ಬಹು ಹಿಂದೆಯೇ ಒಲಿದ ವಿದ್ಯೆ. ಸತು ಹಾಗಲ್ಲ. ಅದು ಅದಿರಿನಿಂದ ಬೇರ್ಪಡಲು 1000 ಡಿಗ್ರಿಯಷ್ಟು ಶಾಖ ಬೇಕು, ಆದರೆ 907 ಡಿಗ್ರಿಗೇ ಕುದಿದು ಆವಿಯಾಗಿಬಿಡುತ್ತದೆ. ಆವಿಗೆ ಗಾಳಿ ತಗುಲಿತೋ, ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಹಾಗಾಗಿ ಶತಮಾನಗಳ ಕಾಲ ತಾಮ್ರದೊಂದಿಗೆ ಸತುವಿನ ಅದಿರನ್ನೂ ಇದ್ದಿಲನ್ನೂ ಮುಚ್ಚಿದ ಮೂಸೆಯಲ್ಲಿ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದರು. ಅದನ್ನು ಮಾಡಿದ ಕಂಚುಗಾರ ಸತುವನ್ನು ಕಣ್ಣಿಂದ ಕಂಡವನೇ ಅಲ್ಲ.

ಈ ಗಂಟನ್ನು ಬಿಡಿಸಿದ ಊರು ಜಾವರ್. ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರು, ಅರಾವಳಿ ಬೆಟ್ಟಗಳ ನಡುವೆ, ಟೀಡಿ ಎಂಬ ಸಣ್ಣ ಹೊಳೆಯ ದಂಡೆಯಲ್ಲಿದೆ. ಇಲ್ಲಿನ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ಆಸರೆಗಳಿಗೆ ಎರಡು ಸಾವಿರ ವರ್ಷ ಮೀರಿದ ವಯಸ್ಸು. ಸತುವನ್ನು ದೊಡ್ಡ ಪ್ರಮಾಣದಲ್ಲಿ ತೆಗೆದದ್ದು ಬಹಳ ನಂತರ, ಮೇವಾಡದ ರಾಣಾಗಳ ಕಾಲದಲ್ಲಿ.

1983ರಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡದ ಎಂ.ಎಸ್. ವಿಶ್ವವಿದ್ಯಾಲಯ ಮತ್ತು ಹಿಂದೂಸ್ತಾನ್ ಜಿಂಕ್ ಜತೆಗೂಡಿ ಅಗೆಸಿದಾಗ ಸಾಲು ಕುಲುಮೆಗಳು ಮೂಸೆಗಳ ಸಮೇತ ಹೊರಬಂದವು. ಒಂದೊಂದು ಕುಲುಮೆಗೆ 36 ಮೂಸೆ. ಆಕಾರ ಥೇಟ್ ಬದನೆಕಾಯಿಯದು. ರಸಶಾಸ್ತ್ರದ ಗ್ರಂಥ ‘ರಸರತ್ನಸಮುಚ್ಚಯ’ ಇದನ್ನು ವೃಂತಾಕ ಮೂಸೆ ಎಂದೇ ಕರೆಯುತ್ತದೆ. ವೃಂತಾಕ ಎಂದರೂ ಬದನೆಯೇ. ಹುರಿದ ಅದಿರಿನ ಉಂಡೆಗಳನ್ನು ಮೂಸೆಗೆ ತುಂಬಿ, ಉದ್ದ ಕತ್ತಿನ ನಳಿಗೆ ಜೋಡಿಸಿ, ತೂತಿನ ತಟ್ಟೆಯ ಮೇಲೆ ಕವುಚಿ ನಿಲ್ಲಿಸುತ್ತಿದ್ದರು. ಬೆಂಕಿ ಮೇಲೆ, ತಂಪು ಕೆಳಗೆ. ಕವುಚಿದಾಗ ಉಂಡೆಗಳು ಉದುರಬಾರದಲ್ಲ? ಅದಕ್ಕೆ ಕತ್ತಿನಲ್ಲಿ ಒಂದು ಕಡ್ಡಿ ಸಿಕ್ಕಿಸುತ್ತಿದ್ದರು. ಕಾವೇರುತ್ತ ಉಂಡೆಗಳು ಒಂದಕ್ಕೊಂದು ಅಂಟುವ ಹೊತ್ತಿಗೆ ಕಡ್ಡಿ ಸುಟ್ಟು ಕರಕಾಗಿ, ಅದಿದ್ದ ಜಾಗವೇ ಆವಿಗೆ ದಾರಿಯಾಗುತ್ತಿತ್ತು. ಗಾಳಿಯ ಸೋಂಕಿಲ್ಲದೆ ಕೆಳಗಿಳಿದ ಆವಿ ತಣಿದು ಸತುವಾಗಿ ತೊಟ್ಟಿಕ್ಕುತ್ತಿತ್ತು. ನಾವು ಕನ್ನಡದಲ್ಲಿ ‘ಭಟ್ಟಿ ಇಳಿಸುವುದು’ ಎನ್ನುತ್ತೇವೆ. ಜಾವರ್‌ನಲ್ಲಿ ಅದು ಅಕ್ಷರಶಃ ಇಳಿಯುತ್ತಿತ್ತು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ತೆಗೆಯಲು ಪೇಟೆಂಟ್ ಪಡೆದದ್ದು 1738ರಲ್ಲಿ. ಅವನದೂ ಆವಿಯನ್ನು ಕೆಳಗಿಳಿಸುವ ಕ್ರಮವೇ. ಯಾರು ಯಾರಿಂದ ಕಲಿತರು ಎಂಬ ವಾದಕ್ಕಿಂತ ಆ ಕಡ್ಡಿ ನನಗೆ ದೊಡ್ಡದು. ಅದನ್ನು ಮೊದಲು ಸಿಕ್ಕಿಸಿದ ಕೈಯ ಹೆಸರು ಯಾವ ಶಾಸನದಲ್ಲೂ ಇಲ್ಲ. ಎಷ್ಟು ಮೂಸೆ ಒಡೆದು, ಎಷ್ಟು ಸಲ ಸೋತು ಆ ಕೈ ಅಲ್ಲಿಗೆ ತಲುಪಿರಬೇಕು! ನಮ್ಮ ಬೀದರಿನ ಕುಶಲಕರ್ಮಿ ಬಿದರಿ ಹೂಜಿಗೆ ಎರಕ ಹೊಯ್ಯುವ ಲೋಹದಲ್ಲಿ ಬಹುಪಾಲು ಸತುವೇ. ಇಂಥ ಕೈಗಳ ಋಣ ಅವನ ಮೇಲೂ ಇದೆ, ಆ ಹೂಜಿಯನ್ನು ಮನೆಯಲ್ಲಿಟ್ಟುಕೊಂಡ ನಮ್ಮ ಮೇಲೂ ಇದೆ.

ಜಾವರ್‌ನಲ್ಲಿ ಕೆಲಸ ಮುಗಿಸಿದ ಮೂಸೆಗಳು ಗುಡ್ಡಗುಡ್ಡವಾಗಿ ಬಿದ್ದಿವೆ. ಹಳ್ಳಿಯವರು ಅವನ್ನೇ ಇಟ್ಟಿಗೆಯಂತೆ ಜೋಡಿಸಿ ಮನೆಗೋಡೆ ಕಟ್ಟಿಕೊಂಡಿದ್ದಾರೆ. ಸುತ್ತ ಇಂದೂ ಗಣಿಗಾರಿಕೆ ನಡೆದಿದೆ. ಆ ಗುಡ್ಡೆಗಳನ್ನು ಕಸವೆಂದು ಎತ್ತಿ ಹಾಕಿದರೆ, ಓದು ಬರಹ ಬಾರದವರು ಬರೆದಿಟ್ಟ ಪುಸ್ತಕವನ್ನು ನಾವೇ ಸುಟ್ಟಂತೆ. ಉದಯಪುರದ ಅರಮನೆ, ಸರೋವರ ನೋಡಲು ಹೋಗುವವರು ಇನ್ನೊಂದು ದಿನ ಉಳಿದು ಅಲ್ಲಿಗೂ ಹೋಗಿ. ಒಂದು ಮೂಸೆಯನ್ನು ಕೈಗೆತ್ತಿಕೊಂಡು ನೋಡಿ, ಮತ್ತೆ ಅಲ್ಲೇ ಇಟ್ಟು ಬನ್ನಿ.