ತಪ್ಪಿದ ಹೆಜ್ಜೆಗೆ ತಾಳದ ಊರುಗೋಲು

ಯಡಿಯೂರಿನಲ್ಲಿ ಬಸ್ಸು ನಿಂತಾಗ ಕಾಣುವ ಒಂದು ದೃಶ್ಯ ದಿನಾ ಓಡಾಡುವವರಿಗೆ ಹೊಸದಲ್ಲ. ಸಿದ್ಧಲಿಂಗೇಶ್ವರನ ದರ್ಶನಕ್ಕೆ ಬಂದ ಹಿರಿಯರೊಬ್ಬರು ಬಾಗಿಲ ಬಳಿ ಬಂದು ಹಾಗೇ ನಿಂತುಬಿಡುತ್ತಾರೆ. ಕಾಲು ಮುಂದಕ್ಕೆ ಬಾರದು. 'ಇಳೀರಿ ಯಜಮಾನ್ರೇ, ಟೈಮಾಯ್ತು' ಅಂತ ಕಂಡಕ್ಟರು ಕೂಗುತ್ತಾರೆ. ಹಿಂದಿದ್ದವರು ಗೊಣಗುತ್ತಾರೆ. ಗದರಿಸಿದಷ್ಟೂ ಕಾಲು ನೆಲಕ್ಕೆ ಅಂಟುತ್ತದೆ. ಅದು ಹಠವಲ್ಲ, ಬರೀ ವಯಸ್ಸಿನ ದೋಷವೂ ಅಲ್ಲದಿರಬಹುದು. ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಬಂದವರಿಗೆ ಹೀಗೆ ಹೆಜ್ಜೆ ಕಟ್ಟಿಹೋಗುವುದುಂಟು.

ತಾಳ ಹಾಕಿದರೆ ಆ ಕಾಲು ಏಳುತ್ತದೆ ಎಂದರೆ 'ಹೋಗಯ್ಯಾ' ಎನ್ನುವವರೇ ಹೆಚ್ಚು. ಆದರೆ ಇದು ಮಾಟಮಂತ್ರದ ಮಾತಲ್ಲ. ನಡೆಯುವಾಗ ಮುಂದಿನ ಹೆಜ್ಜೆ ಯಾವಾಗ ಬೀಳಬೇಕೆಂದು ಯಾರೂ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಮಿದುಳಿನ ಆಳದಲ್ಲಿರುವ ನರಗಳ ಗಂಟುಗಳು ಆ ಲೆಕ್ಕ ನೋಡಿಕೊಳ್ಳುತ್ತವೆ. ಪಾರ್ಕಿನ್ಸನ್ ಬಂದಾಗ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಲೆಕ್ಕ ತಪ್ಪುತ್ತದೆ. ಆಗ ಹೊರಗಿನಿಂದ ಒಂದೇ ಸಮನೆ ತಾಳ ಕೇಳಿಸಿದರೆ, ಕಿವಿಯ ಮೂಲಕ ಬೇರೆ ದಾರಿಯಲ್ಲಿ ಕಾಲಿಗೆ ಅಪ್ಪಣೆ ಮುಟ್ಟುತ್ತದೆ. ಹೆದ್ದಾರಿ ಬಂದ್ ಆದಾಗ ಬಸ್ಸು ಹಳ್ಳಿಯ ರಸ್ತೆ ಹಿಡಿದು ಬರುವುದಿಲ್ಲವೇ, ಹಾಗೆ.

ಅಮೆರಿಕದ ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಅಳೆದು ತೋರಿಸಿದರು. ಪಾರ್ಕಿನ್ಸನ್ ರೋಗಿಗಳು ಮೂರು ವಾರ, ದಿನಕ್ಕೆ ಅರ್ಧ ಗಂಟೆ, ತಾಳ ಕೇಳುತ್ತಾ ನಡೆದರು. ನಡಿಗೆಯ ವೇಗ ಸುಮಾರು ಕಾಲು ಭಾಗ ಹೆಚ್ಚಿತು. ಮರುವರ್ಷ ಲಕ್ವ ಹೊಡೆದವರ ಮೇಲೆ ನಡೆದ ಪರೀಕ್ಷೆಯಲ್ಲೂ ಗುಣ ಕಂಡಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಸಂಗೀತಕ್ಕೂ ಮಿದುಳಿಗೂ ಇರುವ ನಂಟನ್ನು ಅಭ್ಯಾಸ ಮಾಡಲೆಂದೇ ಒಂದು ಪ್ರಯೋಗಾಲಯವಿದೆ, ಡಾ. ಶಾಂತಲಾ ಹೆಗ್ಡೆ ಅದನ್ನು ಕಟ್ಟಿದವರು.

ಸರಿ, ನಿಮ್ಹಾನ್ಸ್ ಇದೆ. ಯಡಿಯೂರಿನಿಂದ ಅದು ನೂರು ಕಿಲೋಮೀಟರಿನ ಆಸುಪಾಸು. ಮೆಜೆಸ್ಟಿಕ್‌ನಲ್ಲಿ ಇಳಿದು, ಹೊಸೂರು ರಸ್ತೆಯ ಬಸ್ಸು ಹುಡುಕಿ, ಸರತಿಯಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನ ಮುಗಿಯಿತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ಹೆಂಡತಿಗೆ ಟಿಕೆಟ್ ಇಲ್ಲ. ಲಕ್ವ ಹೊಡೆದ ಗಂಡನಿಗೆ ಉಂಟು. ಇಬ್ಬರ ಕೂಲಿಯೂ ಖೋತಾ. ಎರಡು ಸಲ ಹೋಗಿ, ಮೂರನೇ ಸಲಕ್ಕೆ 'ಮುಂದಿನ ತಿಂಗಳು ನೋಡೋಣ' ಎನ್ನುವ ಮನೆಗಳೇ ಜಾಸ್ತಿ. ವ್ಯಾಯಾಮದ ಚೀಟಿ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಮಡಿಚಿದ ಕೈ ಮಡಿಚಿಕೊಂಡೇ ಉಳಿಯುತ್ತದೆ.

ತಾಳದ ಅಭ್ಯಾಸದ ಬೆಲೆ ತಿಳಿಯುವುದು ಇಲ್ಲೇ. ಇದಕ್ಕೆ ದೊಡ್ಡ ಯಂತ್ರ ಬೇಡ. ಮೊದಲು ರೋಗಿ ತನ್ನ ಪಾಡಿಗೆ ನಡೆಯುವಾಗ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆಂದು ಗಡಿಯಾರ ಹಿಡಿದು ಎಣಿಸಬೇಕು. ಅರವತ್ತು ಎಂದಾದರೆ ಅರವತ್ತಕ್ಕೇ ತಾಳ. ಮೊಬೈಲಿನಲ್ಲಿ ಕಾಸಿಲ್ಲದೆ ಸಿಗುವ ಮೆಟ್ರೊನೋಮ್ ಸಾಕು, ಮೊಮ್ಮಗನ ಚಪ್ಪಾಳೆಯೂ ಆದೀತು. ಕಾಲು ಹೊಂದಿಕೊಂಡ ಮೇಲೆ ಅರವತ್ತಮೂರು, ಅರವತ್ತಾರು. ಅವಸರ ಕೂಡದು, ತಾಳ ಓಡಿದರೆ ಕಾಲು ತೊಡರಿ ಬೀಳುವ ಭಯ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮಾತ್ರೆ ನಿಲ್ಲಿಸಕೂಡದು. ಶುರು ಮಾಡುವ ಮುಂಚೆ ಫಿಸಿಯೊಥೆರಪಿಯವರನ್ನು ಒಮ್ಮೆ ಕೇಳಬೇಕು. ಅಂದ ಹಾಗೆ, ಲಕ್ವ ಹೊಡೆದ ಗಳಿಗೆಯಲ್ಲಿ ತಾಳವೂ ಬೇಡ, ನಾಟಿ ಎಣ್ಣೆಯೂ ಬೇಡ. ಆಗ ಬೇಕಾದ್ದು 108 ಆಂಬುಲೆನ್ಸು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ವಾಯಿದೆ ನಾಲ್ಕೂವರೆ ಗಂಟೆ ಮಾತ್ರ.

ಈ ಸೀಮೆಯವರಿಗೆ ತಾಳದ ಮಹಿಮೆಯನ್ನು ಪರದೇಶದವರು ಹೇಳಿಕೊಡಬೇಕಿಲ್ಲ. ನಂದಿಧ್ವಜ ಹೊತ್ತವನನ್ನು ನೋಡಿದವರಿಗೆ ಗೊತ್ತು. ಆಳೆತ್ತರಕ್ಕಿಂತ ಎಷ್ಟೋ ಪಟ್ಟು ಉದ್ದದ ಕಂಬ ಸೊಂಟದ ಮೇಲೆ ನಿಂತಿರುತ್ತದೆ. ಕರಡೆ ಬಡಿತಕ್ಕೆ ಕಾಲು ಹೊಂದಿರುವ ತನಕ ಕಂಬ ನೆಟ್ಟಗೆ, ಪೆಟ್ಟು ತಪ್ಪಿತೋ ವಾಲಿತು. ಸೋಮನ ಕುಣಿತ, ವೀರಗಾಸೆ, ಕೋಲಾಟ ಎಲ್ಲವೂ ಇದೇ ಪಾಠ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ಎಲ್ಲರೂ ಸಂತೋಷಪಟ್ಟರು. ಅಂಥ ಕೈಗಳಿಗೆ ಜಾತ್ರೆ, ಸಾವು, ರಾಜಕೀಯ ಮೆರವಣಿಗೆ ಬಿಟ್ಟರೆ ಬೇರೆ ಕೆಲಸ ಕೊಡುವುದು ಮಾತ್ರ ಯಾರ ಯೋಜನೆಯಲ್ಲೂ ಇದ್ದಂತಿಲ್ಲ. ವಾರಕ್ಕೊಂದು ದಿನ ಆಸ್ಪತ್ರೆಯ ಫಿಸಿಯೊಥೆರಪಿ ಕೋಣೆಯಲ್ಲಿ ತಮಟೆಯವರೊಬ್ಬರು ಗೌರವಧನ ಪಡೆದು ನಿಧಾನ ಲಯ ಹಿಡಿದರೆ ತಪ್ಪೇನು?

ಹಾಗಂತ ತಾಳದ ಹೆಸರಲ್ಲಿ ಮಾರಿದ್ದನ್ನೆಲ್ಲ ಕೊಳ್ಳಬೇಕಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ಬರುವ ಸದ್ದಿಗೆ ಸರಿಯಾಗಿ ಮಕ್ಕಳಿಂದ ಚಪ್ಪಾಳೆ ತಟ್ಟಿಸಿ, ಗಮನ ಹೆಚ್ಚಿಸುತ್ತೇವೆ ಎನ್ನುವ ತರಬೇತಿ 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ಪರವಾಗಿ ಹೆಚ್ಚಾಗಿ ತೋರಿಸುವ 2001ರ ಅಧ್ಯಯನದಲ್ಲಿದ್ದದ್ದು ಗಮನದ ತೊಂದರೆಯ 56 ಹುಡುಗರು. ಫಲ ಕಂಡದ್ದು ನಿಜ, ಆದರೆ 56 ಮಂದಿಯಿಂದ ಊರಿಗೆಲ್ಲ ತೀರ್ಮಾನ ಹೇಳಲಾಗದು. 'ಬ್ರೈನ್ ಶಾರ್ಪ್ ಆಗುತ್ತೆ, ಮಾರ್ಕ್ಸ್ ಬರುತ್ತೆ' ಎಂದು ಸಾವಿರಗಟ್ಟಲೆ ಕೇಳುವವರ ಮುಂದೆ ಅಪ್ಪ-ಅಮ್ಮ ಜೇಬು ಭದ್ರವಾಗಿ ಹಿಡಿದುಕೊಳ್ಳುವುದೇ ಲೇಸು. ನಡಿಗೆಯ ವಿಷಯದಲ್ಲಿ ಇರುವಷ್ಟು ಗಟ್ಟಿ ಪುರಾವೆ ಮಾರ್ಕ್ಸಿನ ವಿಷಯದಲ್ಲಿಲ್ಲ.

ಇನ್ನು ಸರ್ಕಾರದ ಪಾಲು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮಿದುಳಿನ ಆರೋಗ್ಯದ ಯೋಜನೆ ತೆಗೆಯಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು. ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬ್ರೈನ್ ಹೆಲ್ತ್ ಕ್ಲಿನಿಕ್ ಬಂತು. ಕಾಯಿಲೆ ಗುರುತಿಸುವುದು, ಮಾತ್ರೆ ಬರೆಯುವುದು ಅಲ್ಲಿ ಆದೀತು. ಆಮೇಲೆ ಮನೆಗೆ ಬಂದವರ ಆರು ತಿಂಗಳ ಅಭ್ಯಾಸ ನೋಡಿಕೊಳ್ಳುವವರು ಯಾರು? ಅದು ತಾಲ್ಲೂಕು ಮಟ್ಟದಲ್ಲೇ ಆಗಬೇಕಾದ ಕೆಲಸ. ಕುಣಿಗಲ್ಲು, ಗುಬ್ಬಿಯವರು ತಂತಮ್ಮ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂದು ಕೇಳಬೇಕು. ಕೇಳಲು ಜಾಗವೂ ಇದೆ, ಆರೋಗ್ಯ ರಕ್ಷಾ ಸಮಿತಿಯ ಸಭೆ. ಅಲ್ಲಿ ಬಣ್ಣ ಬಳಿಸುವುದು, ಮೋಟಾರು ರಿಪೇರಿ ಮಾಡಿಸುವುದರ ಜೊತೆಗೆ ಇದೂ ಒಂದು ವಿಷಯವಾಗಿ ಬರಲಿ.