ಮೂಳೆಯೊಳಗೂ ಬಂಡೆ, ರೇಷ್ಮೆ

ರಾಮನಗರ ಅಂದ್ರೆ ಬಂಡೆ ಮತ್ತು ರೇಷ್ಮೆ. ನಮ್ಮ ಮೂಳೆ ಆಗಿರೋದೂ ಹೆಚ್ಚುಕಮ್ಮಿ ಅಂಥ ಎರಡರಿಂದಲೇ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಹರಳುಗಳು ಬಂಡೆಯ ಹಾಗೆ ಗಟ್ಟಿ. ಅವು ಕೂತಿರೋದು ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳಲ್ಲಿ. ರೇಷ್ಮೆಯೂ ಪ್ರೋಟೀನ್ ಎಳೆಯೇ ತಾನೇ? ಬರೀ ಹರಳಾಗಿದ್ರೆ ಮೂಳೆ ಸೀಮೆಸುಣ್ಣದಂತೆ ಮುರೀತಿತ್ತು, ಬರೀ ಎಳೆಯಾಗಿದ್ರೆ ಹಗ್ಗದಂತೆ ಬಾಗ್ತಿತ್ತು.

ತೊಡೆಮೂಳೆಯ ತೆಳು ಬಿಲ್ಲೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಉಂಗುರದೊಳಗೆ ಉಂಗುರ ಕಾಣುತ್ತೆ. ಇಂಥ ಒಂದು ಗುಂಪಿನ ಅಗಲ ಸುಮಾರು 0.2 ಮಿಲಿಮೀಟರ್. ನಡುವೆ ರಕ್ತನಾಳ ಹಾಯುವ ಕಾಲುವೆ. 1691ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ ಹೆಸರೇ ಅದಕ್ಕಿದೆ. ಉಂಗುರಗಳ ಸಂದಿಯಲ್ಲಿ ಜೀವಕೋಶಗಳಿವೆ. ಅಂದ್ರೆ ಮೂಳೆ ಸತ್ತ ಕಲ್ಲಲ್ಲ. ಒಂದು ಬಗೆಯ ಕೋಶ ಹಳೆಯದನ್ನು ಕರಗಿಸುತ್ತೆ, ಇನ್ನೊಂದು ಹೊಸದನ್ನು ಕಟ್ಟುತ್ತೆ. ದೊಡ್ಡವರಲ್ಲೂ ವರ್ಷಕ್ಕೆ ಸುಮಾರು ಶೇ. 10ರಷ್ಟು ಮೂಳೆ ಹೀಗೆ ಹೊಸದಾಗುತ್ತೆ.

ಕಟ್ಟೋಕೆ ಬೇಕಾದ ಸಾಮಾನು ಬರೋದು ನಾವು ತಿನ್ನೋ, ಕುಡಿಯೋದರಿಂದ. ನಮ್ಮ ಮುದ್ದೆ ಇದಕ್ಕೆ ಒಳ್ಳೇದೇ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಯೋಚಿಸಬೇಕಾದ್ದು ನೀರಿನ ಬಗ್ಗೆ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ ಎಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರದ ಹಳೇ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ಇಂಥ ಕಲ್ಲಿನ ಖನಿಜಗಳಿಂದ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಸೇರಬಹುದು. ಎಲ್ಲ ಬೋರ್‌ಗಳಲ್ಲೂ ಒಂದೇ ಪ್ರಮಾಣ ಇರಲ್ಲ. ನೋಟಕ್ಕೆ, ರುಚಿಗೆ ಗೊತ್ತೂ ಆಗಲ್ಲ.

ಅದು ಹೆಚ್ಚಿರೋ ನೀರನ್ನು ವರ್ಷಗಟ್ಟಲೆ ಕುಡಿದ್ರೆ ಫ್ಲೋರೈಡ್ ಮೂಳೆಯ ಹರಳಿನೊಳಗೇ ಸೇರಿಕೊಳ್ಳುತ್ತೆ. ಆ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಬೇಗ ಮುರಿಯಬಹುದು. ಕೀಲು, ಬೆನ್ನು ಬಿಗಿಯುತ್ತೆ. ಚಿಕ್ಕ ಮಕ್ಕಳಿಗಾದ್ರೆ ಮುಂದೆ ಬರೋ ಹಲ್ಲಿನ ಮೇಲೂ ಕಲೆ ಬೀಳುತ್ತೆ.

ವೀಕೆಂಡಿಗೆ ಕನಕಪುರಕ್ಕೋ ಚನ್ನಪಟ್ಟಣಕ್ಕೋ ಹೋಗ್ತೀರಲ್ಲ, ಅಪ್ಪ ಅಮ್ಮ ಕುಡಿಯೋದು ಬೋರ್ ನೀರಾದ್ರೆ ಒಂದು ಬಾಟಲಿ ತುಂಬಿಸಿ ಪರೀಕ್ಷೆಗೆ ಕೊಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಭಾರತೀಯ ಮಾನಕದಲ್ಲಿ ಅವಕಾಶ ಇದೆ. “ನಾವು ಕಾಯಿಸಿ ಕುಡೀತೀವಲ್ಲಪ್ಪ” ಅಂತಾರೆ. ಕಾಯಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಅದಕ್ಕೆ ಆರ್‌ಓ ಥರದ ಫಿಲ್ಟರ್ ಬೇಕು. ಬಟ್ಟೆಗೆ, ಗಿಡಕ್ಕೆ ಬೋರ್ ನೀರೇ ಇರಲಿ. ಕುಡಿಯೋಕೆ, ಮುದ್ದೆಯ ಎಸರಿಗೆ ಮಾತ್ರ ಬೇರೆ ನೀರು ಇಡಿ.